ಸರ್ವರಿನ ಒಡಲಿಗೆ ಇಳಿಯುವ ಮುನ್ನ: ಜಾಡುಪತ್ತೆ ಕ್ರಮವಿಧಿಗಳ ಪೂರ್ವತಪಾಸಣೆ

“ಸರ್ವರ್ ಡೌನ್” ಎಂಬ ಎರಡು ಪದಗಳು ಇಂದು ಅಚ್ಚಕನ್ನಡದ ಮಾತುಗಳಂತೆಯೇ ನಮ್ಮ ಭಾಗದ ಪೇಟೆಗಳಲ್ಲಿ ಬಳಕೆಗೆ ಬಂದಿವೆ. ಹಿರೇಕೆರೂರಿನಿಂದ ಹತ್ತಿಯ ಅಂಡಿಗೆಗಳನ್ನು ತುಂಬಿಕೊಂಡ ಲಾರಿ ಇ-ವೇ ಬಿಲ್ಲಿಗಾಗಿ ಕಾಯುತ್ತ ನಿಲ್ಲುತ್ತದೆ. ಶಿಗ್ಗಾವಿಯ ಹೆದ್ದಾರಿ ಬದಿಯ ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಮಾಲು ಸಿದ್ಧವಿದ್ದರೂ ಬಿಲ್ಲು ಹೊರಬರುವುದಿಲ್ಲ. ಸವಣೂರಿನ ವೀಳ್ಯದೆಲೆಯ ವ್ಯಾಪಾರಿಗೆ ಮೊಬೈಲಿನಲ್ಲಿ ಹಣ ಬಂದಿತೋ ಇಲ್ಲವೋ ಎಂಬುದು ತಿಳಿಯದು. ಎಲೆಯಾದರೋ ಯಾರಿಗಾಗಿಯೂ ಕಾಯುವ ಸರಕಲ್ಲ. ಹಾನಗಲ್ಲಿನ ಮಾವಿನ ಹಂಗಾಮಿನಲ್ಲಿಯೂ ಇದೇ ಪಾಡು. 2025ರ ಆರಂಭದಲ್ಲಿ ಕಾವೇರಿ 2.0 ನೋಂದಣಿ ವ್ಯವಸ್ಥೆಯು ಕುಂಟಿದಾಗ ರಾಜ್ಯದ ಉಪನೋಂದಣಾಧಿಕಾರಿಗಳ ಕಚೇರಿಗಳ ಮುಂದೆ ಜನ ದಿನಗಟ್ಟಲೆ ಕಾದದ್ದನ್ನು ಸದಸ್ಯ ಬಾಂಧವರು ಮರೆತಿರಲಾರರು.

ಸರ್ವರು ಪೂರ್ಣವಾಗಿ ಕೆಟ್ಟು ನಿಂತರೆ ಕಾರಣ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಕೆಡದೆ, ಆದರೆ ನಿಧಾನವಾಗಿ ನಡೆಯುವ ಸರ್ವರೇ ನಿಜವಾದ ತಲೆನೋವು. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮಾತ್ರ ತಡವರಿಸುತ್ತದೆ, ತಜ್ಞರು ಬಂದು ನೋಡುವಷ್ಟರಲ್ಲಿ ಸರಿಯಾಗಿರುತ್ತದೆ. ಇಂಥ ದೋಷವನ್ನು ಹಿಡಿಯಬೇಕಾದರೆ ಯಂತ್ರವು ಕೆಲಸ ಮಾಡುತ್ತಿರುವಾಗಲೇ ಅದರ ಒಡಲೊಳಗೆ ಇಣುಕಿ ನೋಡಬೇಕು. ಹಾಗೆ ಇಣುಕಲೆಂದೇ ಬರೆಯುವ ಪುಟ್ಟ ಕ್ರಮವಿಧಿಗಳಿಗೆ ಜಾಡುಪತ್ತೆ ಕ್ರಮವಿಧಿಗಳೆನ್ನಬಹುದು. ಓಡುತ್ತಿರುವ ಜಿನ್ನಿಂಗ್ ಯಂತ್ರದೊಳಗೆ ಕೈಯಿಟ್ಟು ನೋಡುವಂಥ ಕೆಲಸವಿದು. ನೋಡಲು ಹೋದವನೇ ಯಂತ್ರವನ್ನು ನಿಲ್ಲಿಸಿಬಿಡುವ ಅಪಾಯ ಸದಾ ಇರುತ್ತದೆ. ಈ ಅಪಾಯವನ್ನು ಮೊದಲೇ ತಡೆಯುವ ಒಂದು ತಪಾಸಣಾ ವ್ಯವಸ್ಥೆಯು ಕಳೆದ ಹತ್ತು ವರ್ಷಗಳಲ್ಲಿ ಜಗತ್ತಿನ ಬಹುಪಾಲು ಸರ್ವರುಗಳಲ್ಲಿ ನೆಲೆಗೊಂಡಿದ್ದು, ಅದರ ಪರಿಚಯವೇ ಈ ಲೇಖನದ ಉದ್ದೇಶ.

ಕರ್ನೆಲ್ ಎಂಬ ಉಗ್ರಾಣ

ಗಣಕಯಂತ್ರದ ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನೆಲ್ ಎಂದು ಹೆಸರು. ಸ್ಮೃತಿಕೋಶ, ಡಿಸ್ಕು, ಜಾಲಸಂಪರ್ಕ ಇವೆಲ್ಲದರ ಬೀಗದಕೈ ಇರುವುದು ಇದರ ಬಳಿಯೇ. ನಾವು ಬಳಸುವ ಲೆಕ್ಕಪತ್ರದ ತಂತ್ರಾಂಶವಾಗಲಿ ಬ್ರೌಸರ್ ಆಗಲಿ ನೇರವಾಗಿ ಡಿಸ್ಕನ್ನು ಮುಟ್ಟುವಂತಿಲ್ಲ. ಉಗ್ರಾಣದ ಬಾಗಿಲಲ್ಲಿ ಚೀಟಿ ಕೊಟ್ಟು ಸರಕು ಪಡೆದಂತೆ ಕರ್ನೆಲ್ಲನ್ನು ಕೇಳಿಯೇ ಪಡೆಯಬೇಕು. ಲೆಕ್ಕದ ತಂತ್ರಾಂಶದಲ್ಲಿ ತಪ್ಪಾದರೆ ಆ ತಂತ್ರಾಂಶವೊಂದೇ ಮುಚ್ಚಿಕೊಳ್ಳುತ್ತದೆ. ಕರ್ನೆಲ್ಲಿನೊಳಗೆ ಒಂದೇ ಒಂದು ತಪ್ಪು ಓದು ಅಥವಾ ತಪ್ಪು ಬರಹ ನಡೆದರೂ ಇಡೀ ಯಂತ್ರ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಬಹುಕಾಲ ಕಾಣುತ್ತ ಬಂದ ನೀಲಿ ಪರದೆ ಇದರ ಕುರುಹು.

ಜಾಡುಪತ್ತೆ ಮಾಡುವವನಿಗೆ ಬೇಕಾದ ಮಾಹಿತಿಯೆಲ್ಲ ಇರುವುದು ಉಗ್ರಾಣದ ಒಳಗೆ. ಯಾವ ಕೋರಿಕೆ ಎಷ್ಟು ಹೊತ್ತು ಕಾಯಿತು, ಡಿಸ್ಕು ಎಲ್ಲಿ ತಡೆಯಿತು, ಯಾವ ಸಂಪರ್ಕ ಮುರಿಯಿತು ಎಂಬುದು ಹೊರಗೆ ನಿಂತವನಿಗೆ ಕಾಣದು.

ಬೆಂಗಳೂರಿನಲ್ಲಿ ಕೊರೆದ ಕಿಂಡಿ

ಲಿನಕ್ಸ್ ಕರ್ನೆಲ್ಲಿಗೆ ಇಂಥ ಇಣುಕುಗಿಂಡಿಯನ್ನು ಕೊರೆದು ಕೊಟ್ಟ ಕೆಲಸದ ದೊಡ್ಡ ಪಾಲು ನಮ್ಮ ರಾಜ್ಯದಲ್ಲೇ ನಡೆಯಿತು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಐಬಿಎಂ ಸಂಸ್ಥೆಯು ಡಿ-ಪ್ರೋಬ್ಸ್ ಎಂಬ ಜಾಡುಪತ್ತೆ ವ್ಯವಸ್ಥೆಯನ್ನು ಲಿನಕ್ಸ್‌ಗಾಗಿ ಸಿದ್ಧಪಡಿಸಿತ್ತು. ಅದರಿಂದ ತಿರುಳನ್ನಷ್ಟೇ ಬೇರ್ಪಡಿಸಿ ರೂಪಿಸಿದ ಸೌಲಭ್ಯಕ್ಕೆ ಕೆ-ಪ್ರೋಬ್ಸ್ ಎಂದು ಹೆಸರಾಯಿತು. ಇದರ ಮೂಲ ಕಡತದ ತಲೆಬರಹವನ್ನು ಇಂದಿಗೂ ಯಾರು ಬೇಕಾದರೂ ಓದಬಹುದು: 2002ರ ಅಕ್ಟೋಬರಿನಲ್ಲಿ ವಂಶಿಕೃಷ್ಣ ಎಸ್. ಅವರ ಮೊದಲ ರೂಪ, 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ಮತ್ತು ಸುಪರ್ಣಾ ಭಟ್ಟಾಚಾರ್ಯ ಅವರ ಸೇರ್ಪಡೆಗಳು. ಮೂವರೂ ಐಬಿಎಂನ ಭಾರತೀಯ ಶಾಖೆಯವರು. ಅದರ ಲಿನಕ್ಸ್ ತಂಡ ಬೆಂಗಳೂರಿನ ತಂತ್ರಾಂಶ ಪ್ರಯೋಗಾಲಯದಲ್ಲಿತ್ತು. 2004ರ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸ್ 2.6.9 ಆವೃತ್ತಿಯಲ್ಲಿ ಕೆ-ಪ್ರೋಬ್ಸ್ ಸೇರಿತು. ಬಳಕೆದಾರರ ತಂತ್ರಾಂಶಗಳಿಗೂ ಇದೇ ಬಗೆಯ ಕಿಂಡಿಯನ್ನು ಒದಗಿಸುವ ಯು-ಪ್ರೋಬ್ಸ್ 2012ರ 3.5 ಆವೃತ್ತಿಯಲ್ಲಿ ಬಂದಿತು. ಅದರ ಲೇಖಕರಲ್ಲಿ ಮೊದಲ ಹೆಸರು ಶ್ರೀಕರ್ ದ್ರೋಣಂರಾಜು ಅವರದು.

ಉಪಾಯ ಸರಳವಾದದ್ದು. ನೋಡಬೇಕಾದ ಜಾಗದಲ್ಲಿರುವ ಆದೇಶದ ಪ್ರತಿಯನ್ನು ತೆಗೆದಿಟ್ಟುಕೊಂಡು, ಅದರ ಸ್ಥಾನದಲ್ಲಿ “ನಿಲ್ಲು” ಎಂಬ ಆದೇಶವನ್ನು ಕೂರಿಸುವುದು. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಇದಕ್ಕೆ ಒಂದೇ ಬೈಟ್ ಸಾಕು. ಯಂತ್ರವು ಆ ಜಾಗಕ್ಕೆ ಬಂದಾಗ ಕ್ಷಣಮಾತ್ರ ತಿರುಗಿ, ಪತ್ತೆದಾರನ ಕ್ರಮವಿಧಿಯನ್ನು ನಡೆಸಿ, ತೆಗೆದಿಟ್ಟ ಆದೇಶವನ್ನು ಪೂರೈಸಿ, ಏನೂ ಆಗದವರಂತೆ ಮುಂದೆ ಸಾಗುತ್ತದೆ.

ಕಿಂಡಿಯೇನೋ ಸಿದ್ಧವಾಯಿತು. ಆದರೆ ಅದರಲ್ಲಿ ಇಳಿಯುವ ಕ್ರಮವಿಧಿಯನ್ನು ಸಿ ಭಾಷೆಯಲ್ಲಿ ಕರ್ನೆಲ್ ಮಾಡ್ಯೂಲಾಗಿ ಬರೆಯಬೇಕಿತ್ತು. ಬರೆದವನು ಎಡವಿದರೆ ಸರ್ವರೇ ಮಲಗುತ್ತಿತ್ತು. 2005ರಲ್ಲಿ ರೆಡ್ ಹ್ಯಾಟ್, ಐಬಿಎಂ, ಇಂಟೆಲ್, ಹಿಟಾಚಿ ಸಂಸ್ಥೆಗಳು ಕೂಡಿ ಕಟ್ಟತೊಡಗಿದ ಸಿಸ್ಟಂಟ್ಯಾಪ್ ಈ ಅಪಾಯವನ್ನು ತಗ್ಗಿಸಲು ತನ್ನದೇ ಸಣ್ಣ ಭಾಷೆಯನ್ನು ತಂದಿತು. ಅನುವಾದದ ಹಂತದಲ್ಲೇ ಸುತ್ತುಗಳ ಮಿತಿ, ಶೂನ್ಯದಿಂದ ಭಾಗಿಸದಂತೆ ತಡೆ ಮುಂತಾದವನ್ನು ತುರುಕುತ್ತಿತ್ತು. ಆದರೆ ಕೊನೆಗೆ ಕರ್ನೆಲ್ಲಿಗೆ ಹೋಗುತ್ತಿದ್ದುದು ಮಾಡ್ಯೂಲೇ. ಕಳುಹಿಸಿದವನು ಸರಿಯಾಗಿ ಕಟ್ಟಿದ್ದಾನೆಂದು ನಂಬುವುದಲ್ಲದೆ ಕರ್ನೆಲ್ಲಿಗೆ ಬೇರೆ ದಾರಿಯಿರಲಿಲ್ಲ. ಸನ್ ಸಂಸ್ಥೆಯ ಡಿ-ಟ್ರೇಸ್ 2005ರಲ್ಲಿ ಸೊಲಾರಿಸ್ 10ರೊಡನೆ ಬಂದಾಗ ಬೇರೆಯೇ ದಾರಿ ಹಿಡಿದಿತ್ತು: ಕ್ರಮವಿಧಿಯಲ್ಲಿ ಹಿಂದಕ್ಕೆ ಜಿಗಿಯುವುದೇ ನಿಷಿದ್ಧ, ಆದ್ದರಿಂದ ಅದು ಮುಗಿಯಲೇಬೇಕು; ಒಳಗೆ ಬರುವಾಗಲೇ ಕರ್ನೆಲ್ ಅದನ್ನು ಪರೀಕ್ಷಿಸುತ್ತದೆ.

ಬಾಗಿಲಲ್ಲಿ ನಿಂತ ಪರಿಶೀಲಕ

ಲಿನಕ್ಸ್‌ಗೆ ಅಂಥ ಬಾಗಿಲ ಕಾವಲು ದೊರೆತದ್ದು ಹತ್ತು ವರ್ಷಗಳ ನಂತರ. ಇದರ ಬೇರು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ 1993ರಲ್ಲಿ ಪ್ರಕಟಿಸಿದ ಬಿಪಿಎಫ್ ಎಂಬ ಪೊಟ್ಟಣ ಶೋಧಕದಲ್ಲಿದೆ. ಜಾಲದಲ್ಲಿ ಹರಿಯುವ ದತ್ತಾಂಶದ ಪೊಟ್ಟಣಗಳಲ್ಲಿ ಬೇಕಾದವನ್ನು ಮಾತ್ರ ಆರಿಸಲು ಹುಟ್ಟಿದ ಪುಟ್ಟ ಭಾಷೆಯದು. ಅಲೆಕ್ಸಿ ಸ್ಟಾರೊವೊಯ್ಟೊವ್ ಅದನ್ನು ಹಿಗ್ಗಿಸಿ ಇಬಿಪಿಎಫ್ ರೂಪಿಸಿದರು. 2014ರ ಡಿಸೆಂಬರಿನ ಲಿನಕ್ಸ್ 3.18ರಲ್ಲಿ ಅದು ಪರಿಶೀಲಕನೊಡನೆ ಬಳಕೆದಾರರಿಗೆ ತೆರೆಯಿತು. 2015ರ 4.1 ಆವೃತ್ತಿಯಿಂದ ಈ ಕ್ರಮವಿಧಿಗಳನ್ನು ಬೆಂಗಳೂರಿನವರು ಕೊರೆದ ಆ ಕೆ-ಪ್ರೋಬ್ಸ್ ಕಿಂಡಿಗಳಿಗೇ ಜೋಡಿಸಲು ಅವಕಾಶವಾಯಿತು.

ಪರಿಶೀಲಕನ ಕೆಲಸವನ್ನು ನಮ್ಮ ಪೇಟೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಚೀಲಕ್ಕೆ ಕೈಹಾಕಿ ಒಂದು ಹಿಡಿ ಮಾದರಿ ತೆಗೆದು ನೋಡುವ ಪದ್ಧತಿ ಇಲ್ಲಿಲ್ಲ. ಹಿರೇಕೆರೂರು, ರಾಣೆಬೆನ್ನೂರು ಭಾಗದ ಬೀಜೋತ್ಪಾದಕರಿಗೆ ಪ್ರಮಾಣಿತ ಬೀಜದ ನೀಲಿ ಚೀಟಿ ಚೆನ್ನಾಗಿ ಗೊತ್ತು. ಬಿತ್ತುವ ಮೊದಲೇ ಪರೀಕ್ಷೆ ಆಗಿರಬೇಕು ಎಂಬ ತತ್ವ ಎರಡಕ್ಕೂ ಒಂದೇ. ಆದರೆ ಬೀಜದ ಮೊಳಕೆ ಪರೀಕ್ಷೆ ಮಾದರಿಯ ಮೇಲೆ ನಿಂತದ್ದು. ಪರಿಶೀಲಕನು ಕ್ರಮವಿಧಿಯನ್ನು ಓಡಿಸಿ ನೋಡುವುದೇ ಇಲ್ಲ. ಅದು ಹೋಗಬಹುದಾದ ಪ್ರತಿಯೊಂದು ದಾರಿಯನ್ನೂ ಕಾಗದದ ಮೇಲೆ ನಡೆದು, ಯಾವ ದಾರಿಯಲ್ಲೂ ಕೆಡುಕಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ದಿನದ ಯಾವ ಗಂಟೆಯಲ್ಲಿ ಎಷ್ಟು ಕೋರಿಕೆಗಳು ಬಂದವೆಂದು ಎಣಿಸಲು ಪತ್ತೆದಾರನೊಬ್ಬ 24 ಮನೆಗಳ ಕೋಷ್ಟಕ ಮಾಡಿಕೊಂಡನೆನ್ನಿ. ಪ್ರತಿ ಮನೆಗೆ 8 ಬೈಟ್‌ನಂತೆ ಒಟ್ಟು 192 ಬೈಟ್. ಬಂದ ಪೊಟ್ಟಣದಲ್ಲಿರುವ ಒಂದು ಬೈಟನ್ನು ಗಂಟೆಯೆಂದು ಓದಿ, ಆ ಮನೆಯ ಎಣಿಕೆಗೆ ಒಂದನ್ನು ಕೂಡಿಸುವುದು ಅವನ ಕ್ರಮವಿಧಿ. ಕಳುಹಿಸುವವರು ಸದಾ 0ಯಿಂದ 23ರವರೆಗಿನ ಅಂಕಿಯನ್ನೇ ಕಳುಹಿಸುತ್ತಾರೆಂದು ಅವನಿಗೆ ಗೊತ್ತು. ಪರಿಶೀಲಕನು ಇದನ್ನು ಒಪ್ಪುವುದಿಲ್ಲ. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಯಾವ ಅಂಕಿಯಾದರೂ ಇರಬಹುದು, ಕೋಷ್ಟಕದಲ್ಲಿರುವುದು 24 ಮನೆ, ಆದ್ದರಿಂದ ತಿರಸ್ಕೃತ. ಪತ್ತೆದಾರನು “ಅಂಕಿ 23ಕ್ಕಿಂತ ಹೆಚ್ಚಿದ್ದರೆ ಇಲ್ಲಿಂದಲೇ ಹೊರಡು” ಎಂಬ ಒಂದು ಸಾಲನ್ನು ಸೇರಿಸಿದರೆ ಪರಿಶೀಲಕನ ಲೆಕ್ಕ ಬದಲಾಗುತ್ತದೆ. ಆ ಸಾಲನ್ನು ದಾಟಿ ಮುಂದೆ ಬಂದ ದಾರಿಯಲ್ಲಿ ಅಂಕಿಯು 0ಯಿಂದ 23ರೊಳಗೇ ಇರಬೇಕು. ಎಂಟರಿಂದ ಗುಣಿಸಿದರೆ 0ಯಿಂದ 184. ಅಲ್ಲಿಂದ 8 ಬೈಟ್ ಎಂದರೆ 192ನ್ನು ಮೀರುವುದಿಲ್ಲ. ಒಪ್ಪಿಗೆ.

ಇದೇ ರೀತಿಯಲ್ಲಿ, ಖಾತೆಯೊಂದನ್ನು ಹುಡುಕಿಕೊಡೆಂದು ಕರ್ನೆಲ್ಲನ್ನು ಕೇಳಿದಾಗ ಖಾತೆ ಸಿಗದೆಯೂ ಇರಬಹುದು. ಸಿಕ್ಕಿತೇ ಎಂದು ವಿಚಾರಿಸದೆ ಅದಕ್ಕೆ ಜಮೆ ಬರೆಯಹೊರಟ ಕ್ರಮವಿಧಿಗೆ ಪ್ರವೇಶವಿಲ್ಲ. ಬೆಲೆ ತುಂಬದ ಮನೆಯನ್ನು ಓದುವಂತಿಲ್ಲ. ತನ್ನ ಪಾಲಿನ 512 ಬೈಟ್‌ಗಳ ತಾತ್ಕಾಲಿಕ ಜಾಗವನ್ನು ಮೀರುವಂತಿಲ್ಲ. ಕರ್ನೆಲ್ಲಿನ ಯಾವ ಕೆಲಸಗಾರರನ್ನು ಕರೆಯಬಹುದೆಂಬುದಕ್ಕೆ ಪಟ್ಟಿಯಿದೆ, ಅದರ ಹೊರಗಿನವರನ್ನು ಕರೆಯುವಂತಿಲ್ಲ. ಕೆಲವು ಕೆಲಸಗಾರರನ್ನು ಕರೆಯಲು ಕ್ರಮವಿಧಿಯು ಮುಕ್ತ ಪರವಾನಗಿಯದೆಂದು ಘೋಷಿಸಿರಬೇಕು. ಪರಿಶೀಲಕನು ಲೈಸೆನ್ಸನ್ನೂ ಕೇಳುತ್ತಾನೆಂಬುದನ್ನು ಓದಿ ನಮ್ಮ ವರ್ತಕರಿಗೆ ನಗು ಬಂದರೆ ಆಶ್ಚರ್ಯವಿಲ್ಲ.

ಸುತ್ತುಗಳದೇ ದೊಡ್ಡ ಪ್ರಶ್ನೆ. ಮುಗಿಯದ ಸುತ್ತಿಗೆ ಸಿಕ್ಕ ಕ್ರಮವಿಧಿ ಕರ್ನೆಲ್ಲನ್ನೇ ಹಿಡಿದು ಕೂರುತ್ತದೆ. ಮೊದಲ ಐದು ವರ್ಷ ಸುತ್ತುಗಳನ್ನೇ ನಿಷೇಧಿಸಲಾಗಿತ್ತು; ಒಂದು ಕ್ರಮವಿಧಿಗೆ 4,096 ಆದೇಶಗಳ ಮಿತಿಯಿತ್ತು. 2019ರಲ್ಲಿ ಎರಡೂ ಸಡಿಲಗೊಂಡವು. 5.2 ಆವೃತ್ತಿಯಲ್ಲಿ, ಅಧಿಕಾರವುಳ್ಳ ಬಳಕೆದಾರರ ಕ್ರಮವಿಧಿಗಾಗಿ ಪರಿಶೀಲಕನು ನಡೆದು ನೋಡುವ ಆದೇಶಗಳ ಮಿತಿ 10 ಲಕ್ಷಕ್ಕೇರಿತು. 5.3ರಲ್ಲಿ ಕೊನೆಯುಂಟೆಂದು ಸಾಬೀತಾಗುವ ಸುತ್ತುಗಳಿಗೆ ಅನುಮತಿ ದೊರೆಯಿತು.

ಹತ್ತು ಲಕ್ಷವೆಂದರೆ ಬಹಳವೆನಿಸಬಹುದು. ಆದರೆ ಒಂದರ ಹಿಂದೊಂದು 20 ಕವಲುಗಳಿದ್ದರೆ ದಾರಿಗಳ ಸಂಖ್ಯೆ 10,48,576 ಆಗುತ್ತದೆ. ಎಲ್ಲವನ್ನೂ ನಡೆದು ಮುಗಿಸಲಾಗದು. ಆದ್ದರಿಂದ ಪರಿಶೀಲಕನು ಒಂದು ಜಾಣತನ ಮಾಡುತ್ತಾನೆ: ಹಿಂದೆ ಇದೇ ಜಾಗಕ್ಕೆ ಇದಕ್ಕಿಂತ ವಿಶಾಲವಾದ ಸ್ಥಿತಿಯಲ್ಲಿ ಬಂದು, ಮುಂದಿನ ದಾರಿ ಸುರಕ್ಷಿತವೆಂದು ಕಂಡಿದ್ದರೆ ಮತ್ತೆ ನಡೆಯುವುದಿಲ್ಲ. ನೂರು ಚೀಲ ಹೊತ್ತ ಲಾರಿ ದಾಟಿದ ಸೇತುವೆಯನ್ನು ಐವತ್ತು ಚೀಲದ ಲಾರಿಗಾಗಿ ಮತ್ತೆ ಪರೀಕ್ಷಿಸದಂತೆ.

ಒಳ್ಳೆಯ ಸರಕೂ ಹಿಂದಿರುಗುವುದು

ಈ ವ್ಯವಸ್ಥೆಯಿಂದ ಬೇಸತ್ತ ತಂತ್ರಜ್ಞರ ಸಂಖ್ಯೆ ಕಡಿಮೆಯದಲ್ಲ. ಯಾವ ತಪ್ಪೂ ಇಲ್ಲದ ಕ್ರಮವಿಧಿಯನ್ನೂ ಪರಿಶೀಲಕನು ಹಿಂದಿರುಗಿಸುತ್ತಾನೆ. ಅನುವಾದಕ ತಂತ್ರಾಂಶವು ಎರಡು ಆದೇಶಗಳ ಕ್ರಮವನ್ನು ಬದಲಿಸಿದ ಕಾರಣಕ್ಕೆ ನಿನ್ನೆ ಒಪ್ಪಿಗೆಯಾದದ್ದು ಇಂದು ತಿರಸ್ಕಾರವಾಗುತ್ತದೆ. ಇದು ಕೇವಲ ಕೆಲಸದ ಕೊರತೆಯಲ್ಲ. ಯಾವುದೇ ಕ್ರಮವಿಧಿ ಮುಗಿಯುವುದೋ ಇಲ್ಲವೋ ಎಂದು ಎಲ್ಲ ಸಂದರ್ಭಗಳಲ್ಲೂ ತೀರ್ಮಾನಿಸಬಲ್ಲ ವಿಧಾನವೇ ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲೇ ಸಾಧಿಸಿದ್ದಾರೆ. ಆದ್ದರಿಂದ ಪರಿಶೀಲಕನ ಮುಂದೆ ಎರಡೇ ಆಯ್ಕೆ: ಸಂದೇಹವಿದ್ದರೆ ಬಿಡುವುದು, ಇಲ್ಲವೆ ಸಂದೇಹವಿದ್ದರೆ ತಡೆಯುವುದು. ಕರ್ನೆಲ್ಲಿನ ವಿಷಯದಲ್ಲಿ ಎರಡನೆಯದೇ ಸರಿಯೆಂಬುದು ಈ ಲೇಖಕನ ಅಭಿಪ್ರಾಯ. ತಡೆದರೆ ಒಬ್ಬ ತಂತ್ರಜ್ಞನ ಒಂದು ಮಧ್ಯಾಹ್ನ ಹಾಳು. ಬಿಟ್ಟರೆ ಆ ಸರ್ವರನ್ನು ನಂಬಿದ ಎಲ್ಲರ ದಿನ ಹಾಳು.

ಇದಕ್ಕಿಂತ ಗಂಭೀರವಾದದ್ದು ಪರಿಶೀಲಕನದೇ ತಪ್ಪು. 2014ರಲ್ಲಿ ಸುಮಾರು 2,000 ಸಾಲುಗಳಿದ್ದ ಅದರ ಕಡತ ಇಂದು 20,000 ಸಾಲುಗಳನ್ನು ದಾಟಿದೆ. ಇಷ್ಟು ಬೆಳೆದ ಕಾವಲುಗಾರನೂ ಕಣ್ತಪ್ಪುತ್ತಾನೆ. 2020ರ ಮಾರ್ಚಿನಲ್ಲಿ ಪೋನ್-ಟು-ಓನ್ ಸ್ಪರ್ಧೆಯಲ್ಲಿ ಮ್ಯಾನ್‌ಫ್ರೆಡ್ ಪೌಲ್ ಎಂಬವರು, 32 ಬಿಟ್ ಅಂಕಿಗಳ ಕನಿಷ್ಠ–ಗರಿಷ್ಠ ಲೆಕ್ಕದಲ್ಲಿ ಪರಿಶೀಲಕನು ಮಾಡುತ್ತಿದ್ದ ತಪ್ಪನ್ನು ಬಳಸಿಕೊಂಡು ಸಾಮಾನ್ಯ ಬಳಕೆದಾರನಿಂದ ಯಂತ್ರದ ಒಡೆಯನಾಗಿ ಬದಲಾಗಿ ತೋರಿಸಿದರು. ಸಿವಿಇ-2020-8835 ಎಂದು ಇದು ದಾಖಲಾಗಿದೆ. ಮೇಲೆ ಹೇಳಿದ “ಮತ್ತೆ ನಡೆಯದಿರುವ” ಜಾಣತನದಲ್ಲಿಯೂ ದೋಷವಿದ್ದದ್ದನ್ನು 2023ರಲ್ಲಿ ಗೂಗಲ್‌ನವರು ಬಝರ್ ಎಂಬ ಸ್ವಯಂಚಾಲಿತ ಪರೀಕ್ಷಕದಿಂದ ಕಂಡುಹಿಡಿದರು. ಇಂಥ ಅನುಭವಗಳ ಫಲವಾಗಿ 2022ರ ಹೊತ್ತಿಗೆ ಉಬುಂಟು ಮೊದಲಾದ ಪ್ರಮುಖ ಲಿನಕ್ಸ್ ವಿತರಣೆಗಳು, ಸಾಮಾನ್ಯ ಬಳಕೆದಾರರು ಇಬಿಪಿಎಫ್ ಕ್ರಮವಿಧಿಗಳನ್ನು ಕರ್ನೆಲ್ಲಿಗೆ ಕಳುಹಿಸದಂತೆ ಮೊದಲಿನಿಂದಲೇ ಮುಚ್ಚಿಟ್ಟು ಕೊಡತೊಡಗಿದವು. ಪರಿಶೀಲಕನು ಕೈತಪ್ಪನ್ನು ತಡೆಯಲು ಬಹಳ ಸಮರ್ಥ. ಕಳ್ಳನನ್ನು ತಡೆಯಲು ಅವನೊಬ್ಬನನ್ನೇ ನಂಬಲಾಗದೆಂದು ಇದರ ಅರ್ಥ.

ಪೂರ್ವತಪಾಸಣೆ ಕೈಕೊಟ್ಟ ಒಂದು ಮುಂಜಾನೆ

2024ರ ಜುಲೈ 19, ಶುಕ್ರವಾರ. ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ತನ್ನ ವಿಂಡೋಸ್ ಗ್ರಾಹಕರಿಗೆ ಒಂದು ಸಣ್ಣ ಕಡತವನ್ನು ರವಾನಿಸಿತು. ತಪ್ಪು ತಿಳಿದು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದಿದ್ದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಇದು ಇಬಿಪಿಎಫ್ ಅಲ್ಲ. ವಿಂಡೋಸ್ ಕರ್ನೆಲ್ಲಿನೊಳಗೆ ಕುಳಿತ ಆ ಸಂಸ್ಥೆಯ ಸ್ವಂತ ಚಾಲಕ ತಂತ್ರಾಂಶ. ಆದರೆ ಕಾರಣವನ್ನು ನೋಡಿದರೆ ನಮ್ಮ 24 ಮನೆಗಳ ಕೋಷ್ಟಕವೇ ನೆನಪಾಗುತ್ತದೆ.

ಹೊಸ ಕಡತವು 21 ಅಂಶಗಳನ್ನು ಹೋಲಿಸಲು ಹೇಳುತ್ತಿತ್ತು. ಕರ್ನೆಲ್ಲಿನಲ್ಲಿದ್ದ ತಂತ್ರಾಂಶ ಒದಗಿಸುತ್ತಿದ್ದುದು 20 ಅಂಶ. ಹಿಂದಿನ ಕಡತಗಳಲ್ಲಿ 21ನೆಯದಕ್ಕೆ “ಏನಿದ್ದರೂ ಸರಿ” ಎಂದಿದ್ದುದರಿಂದ ಯಾರೂ ಅದನ್ನು ಓದಿರಲಿಲ್ಲ. ಅಂದು ಮೊದಲ ಬಾರಿಗೆ ಓದಹೊರಟಾಗ ಕೋಷ್ಟಕದ ಹೊರಗಿನ ಜಾಗ ಸಿಕ್ಕಿತು, ಯಂತ್ರ ನಿಂತಿತು. ಕಡತಗಳನ್ನು ಪರೀಕ್ಷಿಸುವ ತಂತ್ರಾಂಶ ಆ ಸಂಸ್ಥೆಯಲ್ಲಿಯೂ ಇತ್ತು. 21 ಅಂಶಗಳೂ ದೊರೆಯುತ್ತವೆಂದೇ ಭಾವಿಸಿ ಅದು ಒಪ್ಪಿಗೆ ಕೊಟ್ಟಿತ್ತು. ಆವಕದ ಚೀಟಿಯಲ್ಲಿ 21 ಚೀಲವೆಂದು ಬರೆದದ್ದನ್ನೇ ನೋಡಿ, ಲಾರಿಯಲ್ಲಿ 20 ಇರುವುದನ್ನು ಎಣಿಸದೆ ಸಹಿ ಹಾಕಿದಂತಾಯಿತು. ತಪಾಸಣೆಯನ್ನು ಕಳುಹಿಸುವವನು ಮಾಡುವುದಕ್ಕೂ ಸರಕು ಇಳಿಸಿಕೊಳ್ಳುವ ಉಗ್ರಾಣವೇ ಮಾಡುವುದಕ್ಕೂ ಇರುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಂಡ ಪ್ರಸಂಗ ಇನ್ನೊಂದಿಲ್ಲ. ಮೈಕ್ರೋಸಾಫ್ಟ್ 2021ರಲ್ಲೇ ವಿಂಡೋಸ್‌ಗಾಗಿ ಇಬಿಪಿಎಫ್ ಯೋಜನೆಯನ್ನು ಆರಂಭಿಸಿತ್ತು. ಈ ಘಟನೆಯ ನಂತರ ಭದ್ರತಾ ತಂತ್ರಾಂಶಗಳು ಕರ್ನೆಲ್ಲಿನ ಹೊರಗಿನಿಂದಲೇ ಕೆಲಸ ಮಾಡುವಂತೆ ವಿಂಡೋಸನ್ನು ಸಜ್ಜುಗೊಳಿಸುವುದಾಗಿಯೂ ಪ್ರಕಟಿಸಿತು.

ನಮ್ಮ ಅಂಗಡಿಗೆ ಇದರ ಸಂಬಂಧ

ಇದೆಲ್ಲ ದೊಡ್ಡ ಕಂಪನಿಗಳ ವಿಚಾರವೆಂದು ಬದಿಗಿಡುವಂತಿಲ್ಲ. ಕಿಸೆಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನಲ್ಲಿ ಯಾವ ಆ್ಯಪ್ ಎಷ್ಟು ಡೇಟಾ ಬಳಸಿತೆಂಬ ಲೆಕ್ಕವನ್ನು, 2018ರ ಆಂಡ್ರಾಯ್ಡ್ 9ರಿಂದೀಚೆಗೆ ಹೊಸ ಕರ್ನೆಲ್ಲಿನ ಸಾಧನಗಳಲ್ಲಿ, ಇಬಿಪಿಎಫ್ ಕ್ರಮವಿಧಿಯೇ ಇಡುತ್ತದೆ. ಮೊಬೈಲನ್ನು ಆನ್ ಮಾಡಿದಾಗಲೆಲ್ಲ ಪರಿಶೀಲಕನ ಮುಂದೆ ಅದು ಹಾದು ಬರುತ್ತದೆ. ಫೇಸ್‌ಬುಕ್ ತನ್ನ ಸರ್ವರುಗಳಿಗೆ ಬರುವ ದಟ್ಟಣೆಯನ್ನು ಹಂಚಲು ಬಳಸುವ, 2018ರಲ್ಲಿ ಬಹಿರಂಗಪಡಿಸಿದ ಕಟ್ರಾನ್ ಕೂಡ ಇದರ ಮೇಲೆಯೇ ನಿಂತಿದೆ. ಸುಳ್ಳು ಕೋರಿಕೆಗಳ ಮಹಾಪೂರವನ್ನು ಹರಿಸಿ ಸರ್ವರನ್ನು ಮುಳುಗಿಸುವ ದಾಳಿಗಳನ್ನು ಬಾಗಿಲಲ್ಲೇ ತಡೆಯಲು ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಉಪಾಯಗಳಲ್ಲಿ ಇದೂ ಒಂದು.

ಸ್ವಂತ ಸರ್ವರು ಅಥವಾ ಬಾಡಿಗೆಯ ಕ್ಲೌಡ್ ಸರ್ವರು ಇಟ್ಟುಕೊಂಡಿರುವ ಸದಸ್ಯರು ತಮ್ಮ ತಾಂತ್ರಿಕ ಸಲಹೆಗಾರರನ್ನು, ಸಾಮಾನ್ಯ ಬಳಕೆದಾರರಿಗೆ ಇಬಿಪಿಎಫ್ ಪ್ರವೇಶ ಮುಚ್ಚಿದೆಯೇ ಎಂದು ಒಮ್ಮೆ ಕೇಳುವುದು ಒಳಿತು. ನೋಡಲು ಒಂದು ನಿಮಿಷವೂ ಬೇಡ. ಪರಿಶೀಲಕನ ದೋಷಗಳಿಗೆ ಪರಿಹಾರ ಬರುವುದು ಕರ್ನೆಲ್ಲಿನ ಹೊಸ ಆವೃತ್ತಿಗಳ ಮೂಲಕವಾದ್ದರಿಂದ, ವರ್ಷಗಟ್ಟಲೆ ನವೀಕರಿಸದ ಸರ್ವರಿನಲ್ಲಿರುವುದು ಹಳೆಯ ಕಾವಲುಗಾರನೇ. ಬಿಲ್ಲಿಂಗ್ ಯಂತ್ರಕ್ಕೆ ಆ್ಯಂಟಿವೈರಸ್ ಅಥವಾ ನಿಗಾ ತಂತ್ರಾಂಶ ಮಾರಲು ಬಂದವರನ್ನು ಬೆಲೆ ಕೇಳುವ ಮೊದಲು ಕೇಳಬೇಕಾದದ್ದು ಬೇರೆಯಿದೆ. ಅದು ಕರ್ನೆಲ್ಲಿನೊಳಗೆ ಓಡುತ್ತದೆಯೇ, ಓಡಿದರೆ ಪರಿಶೀಲನೆಗೆ ಒಳಪಟ್ಟು ಓಡುತ್ತದೆಯೇ ಅಥವಾ ಸ್ವಂತ ಚಾಲಕವಾಗಿಯೇ, ನವೀಕರಣ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಬರುತ್ತದೆಯೇ ಅಥವಾ ಒಂದಕ್ಕೆ ಮೊದಲು ಹಾಕಿ ಎರಡು ದಿನ ನೋಡಲು ಅವಕಾಶವಿದೆಯೇ. ಕಾರ್ಖಾನೆಯಲ್ಲಿ ನಾಲ್ಕು ಯಂತ್ರಗಳಿದ್ದರೆ ಒಂದನ್ನಾದರೂ ಈ ತಂತ್ರಾಂಶದ ಹೊರಗಿಟ್ಟು, ಜಾಲದಿಂದ ಬೇರ್ಪಡಿಸಿ, ಬಿಲ್ಲಿನ ಪ್ರತಿಯನ್ನು ಅದರಲ್ಲಿ ಉಳಿಸಿಕೊಳ್ಳುವುದು ದುಬಾರಿಯಲ್ಲ. 2024ರ ಜುಲೈನಲ್ಲಿ ಕೆಟ್ಟ ಯಂತ್ರಗಳಲ್ಲಿ ಹೆಚ್ಚಿನವನ್ನು ದೂರದಿಂದ ಸರಿಪಡಿಸಲಾಗಲಿಲ್ಲ. ಒಂದೊಂದರ ಮುಂದೆಯೂ ಒಬ್ಬರು ಕುಳಿತು, ಸೇಫ್ ಮೋಡಿನಲ್ಲಿ ತೆರೆದು, ಕಡತವನ್ನು ಅಳಿಸಬೇಕಾಯಿತು. ಹಾನಗಲ್ಲಿನಲ್ಲೋ ಸವಣೂರಿನಲ್ಲೋ ಯಂತ್ರ ಕೆಟ್ಟರೆ ಹಾವೇರಿಯಿಂದಲೋ ಹುಬ್ಬಳ್ಳಿಯಿಂದಲೋ ಜನ ಬರಬೇಕಾದ ನಮ್ಮಲ್ಲಿ ಆ ಒಬ್ಬರು ಯಾರು, ಅವರ ಬಳಿ ಯಂತ್ರದ ಪಾಸ್‌ವರ್ಡ್ ಇದೆಯೇ ಎಂಬುದನ್ನು ಹಂಗಾಮು ಆರಂಭವಾಗುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.